ವಾರ್ ರೂಮಿನ ಸಾಕ್ಷಿ: ಒಂದು ಪ್ರಮಾಣ ಮೀಮಾಂಸೆ

ವಿಷಯ

ಅಮೆರಿಕದ ಅರ್ಕಾನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್. ಅಲ್ಲಿನ ಹಳೆಯ ದಿನಪತ್ರಿಕೆ ‘ಅರ್ಕಾನ್ಸಾ ಗೆಜೆಟ್’ 1991ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಮರುವರ್ಷ ಆ ಪತ್ರಿಕೆಯ ಕಟ್ಟಡಕ್ಕೆ ಬಿಲ್ ಕ್ಲಿಂಟನ್ ಅವರ ಅಧ್ಯಕ್ಷೀಯ ಚುನಾವಣೆಯ ಪ್ರಚಾರ ಪಡೆ ಬಂದು ಕೂತಿತು. ಫೋನು, ಟಿ.ವಿ., ಕಾಗದದ ರಾಶಿಗಳ ನಡುವೆ ಅಲ್ಲೊಂದು ಕೋಣೆ. ಅದಕ್ಕೆ ವಾರ್ ರೂಮ್ ಎಂದು ಹೆಸರು. ಎದುರಾಳಿ ಜಾರ್ಜ್ ಬುಷ್ ಒಂದು ಮಾತಾಡಿದರೆ ಅದು ಸುದ್ದಿಯಾಗಿ ಊರೂರಿಗೆ ಮುಟ್ಟುವ ಮುನ್ನವೇ ಉತ್ತರ ಹೊರಡಬೇಕು, ಇದು ಆ ಕೋಣೆಯ ಕೆಲಸ. ನಡೆಸುತ್ತಿದ್ದವರು ಲೂಸಿಯಾನಾದ ಜೇಮ್ಸ್ ಕಾರ್ವಿಲ್ ಮತ್ತು ಆಗ 31 ವರ್ಷದ ಜಾರ್ಜ್ ಸ್ಟೆಫನೊಪೊಲಸ್.

ಡಿ.ಎ. ಪೆನ್ನೆಬೇಕರ್ ಮತ್ತು ಕ್ರಿಸ್ ಹೆಜೆಡಸ್ ದಂಪತಿ ಆ ಕೋಣೆಯೊಳಗೆ ಕ್ಯಾಮೆರಾ ಇಟ್ಟು ಮಾಡಿದ ಸಾಕ್ಷ್ಯಚಿತ್ರ ‘ದಿ ವಾರ್ ರೂಮ್’ 1993ರಲ್ಲಿ ತೆರೆಗೆ ಬಂತು. ಅದರಲ್ಲಿ ವಿವರಣೆಯ ಹಿನ್ನೆಲೆ ದನಿಯಿಲ್ಲ. ಕ್ಯಾಮೆರಾ ನೋಡುತ್ತದೆ, ಕೇಳಿಸಿಕೊಳ್ಳುತ್ತದೆ, ಅಷ್ಟೆ. ಆಸ್ಕರ್‌ಗೆ ನಾಮನಿರ್ದೇಶನವಾಯಿತು, ಪ್ರಶಸ್ತಿ ಬರಲಿಲ್ಲ. ಆದರೆ ಚುನಾವಣೆಯ ಒಳಮನೆಯನ್ನು ತೋರಿಸುತ್ತೇವೆ ಎಂದು ಆಮೇಲೆ ಬಂದ ಎಷ್ಟೋ ಚಿತ್ರಗಳನ್ನು ಜನ ಇಂದಿಗೂ ಇದರ ಪಕ್ಕದಲ್ಲಿಟ್ಟೇ ಅಳೆಯುತ್ತಾರೆ. ಆ ಕೋಣೆಯ ಹೆಸರಂತೂ ನಮ್ಮಲ್ಲಿಗೂ ಬಂದಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕ ಕಾಂಗ್ರೆಸ್ಸಿನ ವಾರ್ ರೂಮನ್ನು ಐಎಎಸ್ ಬಿಟ್ಟು ಬಂದ ಸಸಿಕಾಂತ್ ಸೆಂಥಿಲ್ ನಡೆಸಿದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಕೋಣೆ ಬಂತು, ಅದರೊಳಗೆ ಕ್ಯಾಮೆರಾ ಬರಲಿಲ್ಲ.

ಸಂಶಯ

ಇಂಥ ಚಿತ್ರ ಪ್ರಮಾಣವೋ, ಅಂದರೆ ನಂಬಬಹುದಾದ ತಿಳಿವಳಿಕೆಯ ಮೂಲವೋ, ಅಲ್ಲವೋ? ಒಂದು ದೇಶದ ಅಧ್ಯಕ್ಷ ಹೇಗೆ ಆರಿಸಿ ಬರುತ್ತಾನೆ ಎಂಬ ತಿಳಿವಳಿಕೆ ಇದರಿಂದ ಹುಟ್ಟುತ್ತದೆಯೋ, ಅಥವಾ ತಿಳಿದಂತೆ ಅನ್ನಿಸುವುದು ಮಾತ್ರವೋ?

ಇಲ್ಲಿ ನಾನು ಹಳೆಯ ಮೀಮಾಂಸಕರ ಒಂದು ಕಟ್ಟಳೆಯನ್ನು ಹಿಡಿದು ನಡೆಯುತ್ತೇನೆ. ಕುಮಾರಿಲ ಭಟ್ಟನ ಪಂಥದವರ ಪ್ರಕಾರ ಹುಟ್ಟಿದ ಜ್ಞಾನ ತಾನಾಗಿಯೇ ಪ್ರಮಾಣ. ಅದು ಸುಳ್ಳೆನ್ನುವವನು ಎರಡರಲ್ಲಿ ಒಂದನ್ನು ತೋರಿಸಬೇಕು: ಆ ಜ್ಞಾನ ಹುಟ್ಟಿದ ಸಾಧನದಲ್ಲಿ ದೋಷವಿದೆ ಎನ್ನಬೇಕು, ಇಲ್ಲವೇ ಅದನ್ನು ಬಾಧಿಸುವ ಇನ್ನೊಂದು ಜ್ಞಾನವನ್ನು ತಂದಿಡಬೇಕು. ‘ನನಗೆ ನಂಬಿಕೆಯಿಲ್ಲ’ ಎಂಬ ಬರಿಯ ಸಂಶಯಕ್ಕೆ ಈ ನ್ಯಾಯಾಲಯದಲ್ಲಿ ಜಾಗವಿಲ್ಲ. ಆದ್ದರಿಂದ ಪೂರ್ವಪಕ್ಷಿ, ಅಂದರೆ ಆಕ್ಷೇಪ ಎತ್ತುವವನು, ಮೊದಲು ಮಾತಾಡಲಿ.

ಕ್ಯಾಮೆರಾ ಇದ್ದಾಗ ಯಾರು ನಿಜ ಆಡುತ್ತಾರೆ?

ಇದು ಎಲ್ಲರ ಬಾಯಲ್ಲೂ ಮೊದಲು ಬರುವ ಆಕ್ಷೇಪ. ಪ್ರಚಾರದವರ ಕಸುಬೇ ತೋರಿಕೆ. ಸುದ್ದಿಯವರ ಕ್ಯಾಮೆರಾ ಮುಂದೆ ದಿನವಿಡೀ ನಟಿಸುವವರು ಸಾಕ್ಷ್ಯಚಿತ್ರದ ಕ್ಯಾಮೆರಾ ಮುಂದೆ ನಟನೆ ಬಿಡುತ್ತಾರೆಯೇ? ಸಾಧನವೇ ದೋಷದ್ದು, ಅದರಿಂದ ಹುಟ್ಟಿದ್ದೂ ದೋಷದ್ದೇ ಎಂಬುದು ವಾದ.

ಚಿತ್ರದ ಕೊನೆಯ ಭಾಗದಲ್ಲಿ ಒಂದು ದೃಶ್ಯವಿದೆ. ಮತದಾನ ಹತ್ತಿರ ಬಂದಿದೆ. ಸ್ಟೆಫನೊಪೊಲಸ್ ಫೋನಿನಲ್ಲಿದ್ದಾರೆ. ಆ ಕಡೆಯ ವ್ಯಕ್ತಿ ಕ್ಲಿಂಟನ್ ಅವರ ಖಾಸಗಿ ಬದುಕಿನ ಬಗ್ಗೆ ಒಂದು ಆರೋಪವನ್ನು ಬಹಿರಂಗ ಮಾಡಲು ಹೊರಟಂತಿದೆ. ನಮಗೆ ಕೇಳುವುದು ಈ ಕಡೆಯ ಮಾತು ಮಾತ್ರ. ದನಿ ಏರುವುದಿಲ್ಲ, ಮುಖ ಕೆಂಪಾಗುವುದಿಲ್ಲ. ಈ ಮಾತು ಹೇಳಿದರೆ ಜನ ನಿನ್ನನ್ನೇ ನೋಡಿ ನಗುತ್ತಾರೆ ಎನ್ನುತ್ತಾರೆ. ಈ ಪಕ್ಷದ ರಾಜಕೀಯದಲ್ಲಿ ನಿನಗೆ ಮುಂದೆ ಕೆಲಸ ಹುಟ್ಟುವುದಿಲ್ಲ ಎಂದು ತಿಳಿಸುತ್ತಾರೆ. ಅದೇ ಉಸಿರಿನಲ್ಲಿ, ಕಷ್ಟದ ಹೊತ್ತಿನಲ್ಲಿ ನೀನು ಸರಿಯಾದದ್ದು ಮಾಡಿದೆ ಎಂಬುದನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ ಎಂಬ ಅರ್ಥದ ಮಾತನ್ನೂ ಸೇರಿಸುತ್ತಾರೆ. ಬೆದರಿಕೆ ಮತ್ತು ಆಮಿಷ ಎರಡೂ ಒಂದೇ ಮೆಲುದನಿಯಲ್ಲಿ ಮುಗಿದುಹೋಗುತ್ತವೆ.

ಇಡೀ ಚಿತ್ರದಲ್ಲಿ ನನಗೆ ಅತಿ ಅಸಹ್ಯ ಹುಟ್ಟಿಸಿದ ದೃಶ್ಯ ಇದು, ಅತಿ ಮುಖ್ಯವಾದದ್ದೂ ಇದೇ. ಕ್ಯಾಮೆರಾ ಎದುರಿಗಿದೆ ಎಂದು ಸ್ಟೆಫನೊಪೊಲಸ್‌ಗೆ ಗೊತ್ತಿತ್ತು. ಗೊತ್ತಿದ್ದೂ ಆಡಿದರು. ಅಂದರೆ ಈ ಮಾತಿನಲ್ಲಿ ಮುಚ್ಚಿಡಬೇಕಾದದ್ದು ಏನಾದರೂ ಇದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಆ ಕಸುಬಿನಲ್ಲಿ ಅದು ನಿತ್ಯದ ಕೆಲಸ. ಕದ್ದು ಇಟ್ಟ ಕ್ಯಾಮೆರಾ ಇದನ್ನೇ ಹಿಡಿದಿದ್ದರೆ ಒಬ್ಬ ಮನುಷ್ಯನ ಗುಟ್ಟು ಸಿಗುತ್ತಿತ್ತು. ತೆರೆದ ಕ್ಯಾಮೆರಾ ಹಿಡಿದದ್ದರಿಂದ ಒಂದು ಕಸುಬು ಯಾವುದನ್ನು ತಪ್ಪಲ್ಲ ಎಂದುಕೊಂಡಿದೆ ಎಂಬುದು ಸಿಕ್ಕಿತು. ಪೂರ್ವಪಕ್ಷಿ ದೋಷವೆಂದು ತೋರಿಸಿದ ಸಂಗತಿಯೇ ಇಲ್ಲಿ ಸಾಧನದ ಶಕ್ತಿ.

ಇನ್ನು ನಟನೆಯ ಮಾತು. ಒಂದು ಗಂಟೆ ನಟಿಸಬಹುದು. ಟಿ.ವಿ.ಯಲ್ಲಿ ಅಭ್ಯರ್ಥಿಗಳ ವಾದ ನಡೆಯುತ್ತಿರುವಾಗ, ಅದು ಮುಗಿದೊಡನೆ ಪತ್ರಕರ್ತರ ಗುಂಪಿಗೆ ನುಗ್ಗಿ ‘ನಮ್ಮವರೇ ಗೆದ್ದರು’ ಎಂದು ಒಪ್ಪಿಸಬೇಕಾದ ಗಡಿಬಿಡಿಯಲ್ಲಿ, ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಕ್ಯಾಮೆರಾಕ್ಕಾಗಿ ಇನ್ನೊಂದು ನಾಟಕ ಹೂಡಲಾರರು. ಕೆಲಸದಲ್ಲಿ ಮುಳುಗಿದವನ ಕೈಯನ್ನು ನೋಡಿದರೆ ಸಾಕು.

ಒಳಗೆ ಬಿಟ್ಟವರೇ ಅವರು, ಹಾಗಾದರೆ ಇದು ಅವರದೇ ಜಾಹೀರಾತಲ್ಲವೇ?

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಗಟ್ಟಿ. ಬಾಗಿಲು ತೆರೆದವನು ಸುಮ್ಮನೆ ತೆರೆಯುವುದಿಲ್ಲ. ಲಾಭ ಕಂಡೇ ತೆರೆದಿರುತ್ತಾನೆ. ಲಿಟಲ್ ರಾಕಿನಲ್ಲಿ ಆದದ್ದೂ ಚೌಕಾಸಿಯೇ. ಚಿತ್ರ ಮಾಡಿದವರಿಗೆ ಬೇಕಾಗಿದ್ದದ್ದು ಕ್ಲಿಂಟನ್; ಸಿಕ್ಕಿದ್ದು ಸಿಬ್ಬಂದಿ.

ಇದಕ್ಕೆ ಉತ್ತರ ಫ್ರಾನ್ಸಿನಲ್ಲಿದೆ. 1974ರ ಅಧ್ಯಕ್ಷೀಯ ಚುನಾವಣೆಗೆ ನಿಂತ ವಾಲೆರಿ ಜಿಸ್ಕಾರ್ ದೆಸ್ತೆಂಗ್ ತಮ್ಮ ಪ್ರಚಾರವನ್ನು ಚಿತ್ರೀಕರಿಸಲು ರೇಮಂ ದೆಪಾರ್ದೋಂ ಎಂಬ ಛಾಯಾಗ್ರಾಹಕರನ್ನು ತಾವೇ ಕರೆದರು. ಖರ್ಚೂ ಅವರದೇ. ಜಿಸ್ಕಾರ್ 50.81 ಪ್ರತಿಶತ ಮತ ಪಡೆದು ಗೆದ್ದರು. ಚಿತ್ರ ನೋಡಿದರು, ಬಿಡುಗಡೆ ಬೇಡವೆಂದರು. ಅದು ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 2002ರಲ್ಲಿ, ಅಂದರೆ 28 ವರ್ಷಗಳ ಮೇಲೆ.

ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ಒಪ್ಪಲೇಬೇಕು. ಅರ್ಥಾಪತ್ತಿಗೆ, ಅಂದರೆ ಕಂಡದ್ದಕ್ಕೆ ಅರ್ಥ ಬರಲು ಕಾಣದ್ದನ್ನು ಒಪ್ಪಲೇಬೇಕಾಗುವ ಬಗೆಗೆ, ಮೀಮಾಂಸಕರು ಕೊಡುವ ಈ ಉದಾಹರಣೆ ಇಲ್ಲಿ ನೇರವಾಗಿ ಒದಗುತ್ತದೆ. ತಾನೇ ಕರೆಸಿ, ತಾನೇ ದುಡ್ಡು ಕೊಟ್ಟು ಮಾಡಿಸಿದ ಚಿತ್ರವನ್ನು, ಅದೂ ತಾನು ಗೆದ್ದ ಕಥೆಯನ್ನು, ಯಾರಾದರೂ ಬೀಗ ಹಾಕಿ ಇಡುತ್ತಾರೆಯೇ? ಮಾಡಿಸಿದವನು ಬಯಸದಿದ್ದ ಏನೋ ಒಂದು ಚಿತ್ರದೊಳಗೆ ಬಂದಿದೆ ಎಂದು ಒಪ್ಪದ ಹೊರತು ಆ ಬೀಗಕ್ಕೆ ಅರ್ಥವಿಲ್ಲ. ಚಿತ್ರದಲ್ಲಿ ಹಗರಣವೇನೂ ಇಲ್ಲ. ಫಲಿತಾಂಶದ ಸಂಜೆ ಹಣಕಾಸು ಸಚಿವಾಲಯದ ದೊಡ್ಡ ಕೋಣೆಯಲ್ಲಿ ಒಬ್ಬರೇ ಕೂತು ಟಿ.ವಿ. ನೋಡುವ ಮನುಷ್ಯನಿದ್ದಾನೆ. ತನ್ನವರ ಮುಂದೆ ಲೆಕ್ಕಾಚಾರದ ಮಾತಾಡುವ ಅಭ್ಯರ್ಥಿಯಿದ್ದಾನೆ. ಅಷ್ಟೇ ಅವರಿಗೆ ಹೆಚ್ಚಾಯಿತು.

ಆದ್ದರಿಂದ ಬಾಗಿಲು ತೆರೆಯುವ ಅನುಮತಿ ಬೇರೆ, ಒಳಗೆ ಕಂಡದ್ದರ ಮೇಲಿನ ಹಿಡಿತ ಬೇರೆ. ಮೊದಲನೆಯದು ರಾಜಕಾರಣಿಯ ಕೈಯಲ್ಲಿದೆ. ಎರಡನೆಯದು ಅವನ ಕೈಗೆ ಹೋದ ಕಡೆ, ಫ್ರಾನ್ಸಿನಲ್ಲಿ ಆದಂತೆ, ಚಿತ್ರ ಕತ್ತಲಿಗೆ ಬೀಳುತ್ತದೆ, ಸುಳ್ಳಾಗುವುದಿಲ್ಲ.

ಅಭ್ಯರ್ಥಿಯೇ ಇಲ್ಲದ ಚಿತ್ರ

ಇದನ್ನು ಪೂರ್ವಪಕ್ಷಿ ಕೊರತೆಯೆಂದು ಎತ್ತುತ್ತಾನೆ: ಅಧ್ಯಕ್ಷನಾಗುವವನೇ ಹೆಚ್ಚುಕಡಿಮೆ ಇಲ್ಲದ ಮೇಲೆ ಅಧ್ಯಕ್ಷೀಯ ಚುನಾವಣೆಯ ಚಿತ್ರ ಹೇಗಾದೀತು?

1960ರ ‘ಪ್ರೈಮರಿ’ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ವಿಸ್ಕಾನ್ಸಿನ್ ರಾಜ್ಯದಲ್ಲಿ ಜಾನ್ ಕೆನಡಿ ಮತ್ತು ಹ್ಯೂಬರ್ಟ್ ಹಂಫ್ರಿ ಪಕ್ಷದೊಳಗಿನ ಸ್ಪರ್ಧೆಗೆ ಇಳಿದಾಗ ರಾಬರ್ಟ್ ಡ್ರೂ ತಂಡ ಮಾಡಿದ ಚಿತ್ರ ಅದು. ತರುಣ ಪೆನ್ನೆಬೇಕರ್ ಆ ತಂಡದಲ್ಲಿದ್ದರು. ಹೆಗಲ ಮೇಲೆ ಹೊರಬಹುದಾದ ಕ್ಯಾಮೆರಾ ಆಗಷ್ಟೇ ಕೈಗೆ ಬರುತ್ತಿತ್ತು. ಅದೇ ತಂಡದ ಆಲ್ಬರ್ಟ್ ಮೇಸಲ್ಸ್ ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಹಿಡಿದು ಜನಜಂಗುಳಿಯಲ್ಲಿ ಕೆನಡಿಯ ಬೆನ್ನಿಗೇ ನಡೆದ ಆ ಉದ್ದನೆಯ ಚಿತ್ರಿಕೆ ಸಿನಿಮಾ ಕಲಿಯುವವರಿಗೆಲ್ಲ ಪರಿಚಿತ. ವೇದಿಕೆಯ ಮೇಲೆ ಜಾಕ್ವೆಲಿನ್ ಕೆನಡಿ ಮಾತಾಡುವಾಗ ಕ್ಯಾಮೆರಾ ಅವರ ಬೆನ್ನ ಹಿಂದೆ ಹೋಗಿ, ಬಿಳಿ ಕೈಗವಸಿನ ಬೆರಳುಗಳು ಒಂದಕ್ಕೊಂದು ಹೊಸೆದುಕೊಳ್ಳುವುದನ್ನು ತೋರಿಸುತ್ತದೆ. ಮುಖ ನಗುತ್ತಿದೆ, ಕೈ ಹೆದರಿದೆ.

‘ಪ್ರೈಮರಿ’ಯಲ್ಲಿ ಅಭ್ಯರ್ಥಿ ಎಲ್ಲೆಲ್ಲೂ ಇದ್ದಾನೆ, ‘ದಿ ವಾರ್ ರೂಮ್’ನಲ್ಲಿ ಹೆಚ್ಚಿನ ಹೊತ್ತು ಫೋನಿನ ಆಚೆ ತುದಿಯಲ್ಲಿದ್ದಾನೆ. 32 ವರ್ಷಗಳಲ್ಲಿ ಚುನಾವಣೆಗೆ ಏನಾಯಿತು ಎಂಬುದು ಈ ಎರಡು ಚಿತ್ರಗಳ ನಡುವಿನ ಖಾಲಿ ಜಾಗದಲ್ಲಿದೆ. ಇರಬೇಕಾದ ಕಡೆ ವಸ್ತು ಕಾಣದಿದ್ದರೆ ಆ ಕಾಣದಿರುವಿಕೆಯೂ ಒಂದು ಪ್ರಮಾಣ. ಕುಮಾರಿಲನ ಪಂಥದವರಾದ ಭಾಟ್ಟರು ಅದನ್ನು ಅನುಪಲಬ್ಧಿ ಎಂದು ಬೇರೆಯಾಗಿಯೇ ಎಣಿಸಿದ್ದಾರೆ. ಅಭ್ಯರ್ಥಿ ಇಲ್ಲದೆಯೂ ಆ ಕೋಣೆ ಬೆಳಗಿನಿಂದ ರಾತ್ರಿಯವರೆಗೆ ತಾನೇ ನಡೆಯುತ್ತದೆ. ಏನು ಹೇಳಬೇಕು, ಯಾವಾಗ, ಯಾವ ಪತ್ರಕರ್ತನಿಗೆ ಮೊದಲು, ಇದೆಲ್ಲ ಅವನ ಬೆನ್ನ ಹಿಂದೆ ತೀರ್ಮಾನವಾಗುತ್ತದೆ. ಕ್ಲಿಂಟನ್ ಪೂರ್ತಿ ಸಿಕ್ಕಿದ್ದರೆ ಈ ಸತ್ಯ ಅವರ ಮುಖದ ಹಿಂದೆ ಅಡಗಿಹೋಗುತ್ತಿತ್ತು.

ತೋರಿಸದೆ ಬಿಟ್ಟದ್ದು

ಈಗ ಪೂರ್ವಪಕ್ಷಿಯ ಅತಿ ಹರಿತವಾದ ಮಾತು. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ.

1992ರ ಜನವರಿ 24ರಂದು ಅರ್ಕಾನ್ಸಾದಲ್ಲಿ ರಿಕಿ ರೇ ರೆಕ್ಟರ್ ಎಂಬ ಕಪ್ಪು ಜನಾಂಗದ ಕೈದಿಗೆ ಮರಣದಂಡನೆಯಾಯಿತು. ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದ ಮೇಲೆ ಅವನು ತನ್ನ ತಲೆಗೇ ಗುಂಡು ಹೊಡೆದುಕೊಂಡಿದ್ದ. ಬದುಕಿದ, ಆದರೆ ಮಿದುಳಿನ ಮುಂಭಾಗ ಹಾಳಾಗಿತ್ತು. ಕೊನೆಯ ಊಟದಲ್ಲಿ ಬಂದ ಸಿಹಿಯನ್ನು ಆಮೇಲೆ ತಿಂದರಾಯಿತು ಎಂದು ಎತ್ತಿಟ್ಟನಂತೆ. ತಡೆಯುವ ಅಧಿಕಾರವಿದ್ದ ಗವರ್ನರ್ ಕ್ಲಿಂಟನ್ ಪ್ರಚಾರ ಬಿಟ್ಟು ರಾಜ್ಯಕ್ಕೆ ಮರಳಿದರು, ಶಿಕ್ಷೆಯನ್ನು ತಡೆಯಲಿಲ್ಲ. ಅಪರಾಧದ ವಿಷಯದಲ್ಲಿ ಮೆತ್ತಗಿನವರು ಎಂಬ ಹಣೆಪಟ್ಟಿ 1988ರಲ್ಲಿ ಅವರ ಪಕ್ಷದ ಅಭ್ಯರ್ಥಿ ಡುಕಾಕಿಸ್ ಅವರಿಗೆ ದುಬಾರಿಯಾಗಿತ್ತು ಎಂಬುದು ಆಗ ಎಲ್ಲರಿಗೂ ನೆನಪಿತ್ತು.

ಆ ಸಾವು ಚಿತ್ರದ ಕಥೆಯೊಳಗೆ ಬರುವುದೇ ಇಲ್ಲ. ಚಿತ್ರೀಕರಣ ಶುರುವಾದದ್ದು ಜುಲೈಯಲ್ಲಿ, ನ್ಯೂಯಾರ್ಕಿನಲ್ಲಿ ನಡೆದ ಪಕ್ಷದ ಮಹಾಸಮಾವೇಶದ ಹೊತ್ತಿಗೆ ಎಂಬ ಸಮಾಧಾನ ಹೇಳಬಹುದು. ಪೂರ್ವಪಕ್ಷಿ ಸುಮ್ಮನಿರುವುದಿಲ್ಲ: ಚಿತ್ರದ ಆರಂಭದ, ಚಳಿಗಾಲದ ನ್ಯೂ ಹ್ಯಾಂಪ್‌ಶೈರ್ ಪ್ರಚಾರದ ದೃಶ್ಯಗಳನ್ನು ಬೇರೆಯವರು ತೆಗೆದದ್ದರಿಂದ ಎರವಲು ಪಡೆದಿರಲ್ಲ, ಆ ಚಳಿಗಾಲದ ಉಳಿದದ್ದನ್ನು ಯಾಕೆ ಮರೆತಿರಿ?

ಇಲ್ಲಿ ಸಿದ್ಧಾಂತಿ, ಅಂದರೆ ಆಕ್ಷೇಪಕ್ಕೆ ಉತ್ತರ ಹೇಳುವವನು, ತನ್ನ ಗಡಿಯನ್ನು ಎಳೆದುಕೊಳ್ಳಬೇಕು. ಪ್ರತಿ ಪ್ರಮಾಣಕ್ಕೂ ಅದರದೇ ವಿಷಯವಿದೆ. ಕಣ್ಣು ಶಬ್ದವನ್ನು ಗ್ರಹಿಸುವುದಿಲ್ಲ, ಅದರಿಂದ ಕಣ್ಣು ಕುರುಡಾಗುವುದಿಲ್ಲ. ‘ದಿ ವಾರ್ ರೂಮ್’ ಕ್ಲಿಂಟನ್ ಎಂಥವರು ಎಂಬುದಕ್ಕೆ ಪ್ರಮಾಣವಲ್ಲ. ಅವರು ದೇಶಕ್ಕೆ ತಕ್ಕವರೇ ಎಂಬುದಕ್ಕಂತೂ ಅಲ್ಲವೇ ಅಲ್ಲ. ಪ್ರಚಾರದ ದುಡಿಮೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಮಾತ್ರ ಅದು ಪ್ರಮಾಣ. ಇದರಾಚೆಗೆ ಅದನ್ನು ಎಳೆದವನು ಎಡವಿದರೆ ಹೊಣೆ ಅವನದು. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಕೋಣೆಯವರ ಚುರುಕು, ನಗು, ಒಡನಾಟ ಇವುಗಳ ಜೊತೆ ಒಂದೂವರೆ ಗಂಟೆ ಕಳೆದ ಮೇಲೆ ನೋಡುವವನ ಮನಸ್ಸು ಅವರ ಕಡೆ ವಾಲುತ್ತದೆ. ಆ ವಾಲಿಕೆಯನ್ನು ಸರಿಪಡಿಸುವ ಶಕ್ತಿ ಚಿತ್ರದೊಳಗಿಲ್ಲ. ಅದನ್ನು ಹೊರಗಿನಿಂದ ತರಬೇಕು, ರೆಕ್ಟರ್‌ನ ಹೆಸರು ಹೇಳಿಯೇ ತರಬೇಕು.

ಗೆದ್ದದ್ದು ಕೋಣೆಯೋ ಕಾಲವೋ?

ಗೆದ್ದವನ ಕಡೆಯ ಚಿತ್ರ ಗೆಲುವನ್ನು ಚಾತುರ್ಯದ ಫಲವೆಂದು ತೋರಿಸುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಲೆಕ್ಕ ನೋಡಿ ಎನ್ನುತ್ತಾನೆ ಪೂರ್ವಪಕ್ಷಿ. ಕೊಲ್ಲಿ ಯುದ್ಧ ಮುಗಿದಾಗ, 1991ರ ಮಾರ್ಚಿನಲ್ಲಿ, ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ ಅವರನ್ನು ಮೆಚ್ಚಿದವರು 89 ಪ್ರತಿಶತ. 1992ರ ಜೂನಿಗೆ ನಿರುದ್ಯೋಗ 7.8 ಪ್ರತಿಶತಕ್ಕೆ ಏರಿತ್ತು. ಹೊಸ ತೆರಿಗೆ ಹಾಕುವುದಿಲ್ಲವೆಂದು 1988ರಲ್ಲಿ ಕೊಟ್ಟ ಮಾತನ್ನು ಬುಷ್ 1990ರಲ್ಲಿ ಮುರಿದಿದ್ದರು. ನಡುವೆ ಕೋಟ್ಯಧಿಪತಿ ರಾಸ್ ಪೆರೋ ನಿಂತು, ಹಿಂದೆ ಸರಿದು, ಮತ್ತೆ ನಿಂತು 18.9 ಪ್ರತಿಶತ ಮತ ಬಾಚಿದರು. ಕ್ಲಿಂಟನ್ ಪಡೆದದ್ದು 43, ಬುಷ್ 37.4. ಇದರಲ್ಲಿ ಕೋಣೆಯ ಪಾಲೆಷ್ಟು?

ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಕೋಣೆಯ ಗೋಡೆಗೆ ಕಾರ್ವಿಲ್ ಬರೆದು ಹಚ್ಚಿದ ಮೂರು ಸಾಲುಗಳನ್ನು ಓದಿ. ಬದಲಾವಣೆಯೋ ಇದ್ದದ್ದೇ ಇರಲೋ ಎಂದು ಮೊದಲನೆಯದು. ಆರ್ಥಿಕತೆ ಕಣಯ್ಯಾ ಪೆದ್ದ, ಎಂದು ಎರಡನೆಯದು. ಆರೋಗ್ಯ ಸೇವೆಯನ್ನು ಮರೆಯಬೇಡಿ ಎಂದು ಮೂರನೆಯದು. ಇದನ್ನು ಬರೆದದ್ದು ಮತದಾರರಿಗಲ್ಲ, ತನ್ನವರಿಗೆ. ಕಾಲ ಯಾವ ಕಡೆ ಬೀಸುತ್ತಿದೆ ಎಂದು ಕಾರ್ವಿಲ್‌ಗೆ ಗೊತ್ತಿತ್ತು; ಅದರಿಂದ ದೃಷ್ಟಿ ಕದಲದಂತೆ ನೂರಾರು ಜನರನ್ನು ಹಿಡಿದು ನಿಲ್ಲಿಸುವುದೇ ಕೆಲಸವಾಗಿತ್ತು. ಕಾಲ ಅವಕಾಶ ಕೊಡುತ್ತದೆ, ಅದನ್ನು ಬಳಸಿಕೊಳ್ಳಲು ಕೂಲಿ ಬೇಕು.

ಚಿತ್ರವೂ ಕೋಣೆಯನ್ನು ಸರ್ವಶಕ್ತವೆಂದು ತೋರಿಸಿಲ್ಲ. ಬುಷ್ ಪ್ರಚಾರದ ಸಾಮಗ್ರಿ ಬ್ರೆಜಿಲ್‌ನಲ್ಲಿ ಅಚ್ಚಾಗುತ್ತಿದೆ ಎಂಬ ಸುಳಿವು ಅವರಿಗೆ ಸಿಗುತ್ತದೆ. ದೇಶದಲ್ಲಿ ಜನ ಕೆಲಸ ಕಳೆದುಕೊಳ್ಳುತ್ತಿರುವಾಗ ಅಧ್ಯಕ್ಷರ ಪ್ರಚಾರದ ಅಚ್ಚುಕೆಲಸ ಪರದೇಶಕ್ಕೆ! ಕಾರ್ವಿಲ್ ಕುಣಿದಾಡುತ್ತಾರೆ, ಫೋನ್ ಮೇಲೆ ಫೋನ್ ಮಾಡಿ ಸುದ್ದಿಯವರಿಗೆ ದಾಟಿಸಲು ಹೆಣಗುತ್ತಾರೆ. ಕೊನೆಗೆ ಅದು ಅವರೆಣಿಸಿದಂತೆ ಹೊತ್ತಿಕೊಳ್ಳುವುದೇ ಇಲ್ಲ. ಇಷ್ಟು ಹೊತ್ತು ಚಿತ್ರವನ್ನು ಈ ಸೋತ ಪ್ರಯತ್ನಕ್ಕೆ ಕೊಟ್ಟದ್ದು ನಿರ್ದೇಶಕರ ಪ್ರಾಮಾಣಿಕತೆ. ಗೆಲುವಿನ ಜಾಹೀರಾತು ಮಾಡುವವರು ಕತ್ತರಿ ಹಾಕುತ್ತಿದ್ದ ಮೊದಲ ಜಾಗ ಇದು.

ಬಾಧಕ ಜ್ಞಾನ ಬೇಕೆಂದರೆ ಅದನ್ನೂ ಇನ್ನೊಂದು ಒಳಚಿತ್ರವೇ ತಂದುಕೊಡುತ್ತದೆ. 2002ರಲ್ಲಿ ಕಾರ್ವಿಲ್ ಪಾಲುದಾರರಾಗಿದ್ದ ಸಲಹಾ ಸಂಸ್ಥೆ ಬೊಲಿವಿಯಾಕ್ಕೆ ಹೋಗಿ ಗೊನ್ಸಾಲೊ ಸಾಂಚೆಸ್ ದೆ ಲೊಸಾದಾ ಅವರ ಪ್ರಚಾರ ನಡೆಸಿತು. ರೇಚೆಲ್ ಬಾಯ್ಂಟನ್ ಅದನ್ನು ಒಳಗಿಂದಲೇ ಚಿತ್ರೀಕರಿಸಿ 2005ರಲ್ಲಿ ‘ಅವರ್ ಬ್ರ್ಯಾಂಡ್ ಈಸ್ ಕ್ರೈಸಿಸ್’ ಮಾಡಿದರು. ಅದೇ ಸಮೀಕ್ಷೆ, ಅದೇ ಶಿಸ್ತಿನ ಸಂದೇಶ, ಎದುರಾಳಿಯ ಹೆಸರು ಕೆಡಿಸುವ ಅದೇ ಬಗೆ. ಅಭ್ಯರ್ಥಿಗೆ ಬಂದದ್ದು 22.5 ಪ್ರತಿಶತ ಮತ. ಯಾರಿಗೂ ಬಹುಮತವಿಲ್ಲದೆ ಸಂಸತ್ತು ಅವರನ್ನು ಆರಿಸಿತು. ಮರುವರ್ಷ ಜನ ಬೀದಿಗಿಳಿದರು, ಸೈನ್ಯದ ಗುಂಡಿಗೆ ಹತ್ತಾರು ಜನ ಸತ್ತರು, 2003ರ ಅಕ್ಟೋಬರ್ 17ರಂದು ಅಧ್ಯಕ್ಷರು ರಾಜೀನಾಮೆ ಕೊಟ್ಟು ಅಮೆರಿಕಕ್ಕೆ ಹೋದರು. ಲಿಟಲ್ ರಾಕಿನ ಚಿತ್ರ ನೋಡಿ ಈ ಕಸುಬಿಗೆ ಮರುಳಾದವರು ಇದನ್ನೂ ನೋಡಲೇಬೇಕು. ಇದು ಮೊದಲ ಚಿತ್ರವನ್ನು ಸುಳ್ಳೆನ್ನುವುದಿಲ್ಲ. ಅದೇ ದುಡಿಮೆ ಬೇರೆ ನೆಲದಲ್ಲಿ, ನಂಬಿಕೆಯಿಲ್ಲದ ಜನರ ನಡುವೆ, ಏನು ಮಾಡಬಲ್ಲದು ಎಂದು ತೋರಿಸುತ್ತದೆ.

ಇದನ್ನು ನೋಡಿ ಮತದಾರನಿಗೆ ಜಿಗುಪ್ಸೆ ಹುಟ್ಟುವುದಿಲ್ಲವೇ?

ಪ್ರಮಾಣವೇ ಆಗಿರಲಿ, ಇಂಥ ಜ್ಞಾನದಿಂದ ಕೆಡುಕೇ ಹೆಚ್ಚು ಎಂಬುದು ಕೊನೆಯ ವಾದ. ಅಡುಗೆಮನೆಯ ಕೊಳಕು ಕಂಡವನು ಊಟ ಬಿಡುತ್ತಾನೆ, ಮತಗಟ್ಟೆಗೆ ಹೋಗುವುದನ್ನೂ ಬಿಟ್ಟಾನು ಎಂಬ ಭಯ.

ಮತದಾನದ ಹಿಂದಿನ ರಾತ್ರಿ ಕಾರ್ವಿಲ್ ತಮ್ಮ ಸಿಬ್ಬಂದಿಯನ್ನು ಸೇರಿಸಿ ಮಾತಾಡುತ್ತಾರೆ. ಮೊದಲ ದೊಡ್ಡ ಗೆಲುವು ಕಾಣುವಾಗ 42 ವರ್ಷವಾಗಿದ್ದ, ಸೋಲಿನ ರುಚಿ ಚೆನ್ನಾಗಿ ಬಲ್ಲ ಮನುಷ್ಯ. ಪ್ರೀತಿಯನ್ನು ಬಿಟ್ಟರೆ ಮನುಷ್ಯ ಇನ್ನೊಬ್ಬನಿಗೆ ಕೊಡಬಹುದಾದ ಅತಿ ಪವಿತ್ರ ವಸ್ತು ದುಡಿಮೆ ಎಂಬ ಅರ್ಥದ ಮಾತು ಹೇಳುವಾಗ ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಸುತ್ತ ನಿಂತ ಹುಡುಗ ಹುಡುಗಿಯರ ಹೆಸರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ. ಫೋನು ಹಚ್ಚಿದವರು, ಕಾಗದ ಜೋಡಿಸಿದವರು, ಎದುರಾಳಿಯ ಹಳೆಯ ಭಾಷಣ ಹುಡುಕಿ ತೆಗೆದವರು ಅವರೇ. ಫೋನಿನಲ್ಲಿ ಮೆಲುದನಿಯಲ್ಲಿ ಬೆದರಿಸಿದ ಕೋಣೆಯೂ ಇದೇ, ಈ ಕಣ್ಣೀರಿನ ಕೋಣೆಯೂ ಇದೇ. ಎರಡರಲ್ಲಿ ಒಂದನ್ನು ನಟನೆಯೆಂದು ತಳ್ಳಿಹಾಕಿದರೆ ನೋಟ ಸರಳವಾಗುತ್ತದೆ, ಆದರೆ ತಪ್ಪಾಗುತ್ತದೆ.

ಚುನಾವಣೆಯನ್ನು ಅಲೆ ಎಂದು, ಗಾಳಿ ಎಂದು ಕರೆದು ಕೈತೊಳೆದುಕೊಳ್ಳುವ ಮಾತಿನಲ್ಲಿ ಮತದಾರನಿಗೆ ಕೆಲಸವೇ ಉಳಿಯುವುದಿಲ್ಲ. ಗಾಳಿಯ ಮುಂದೆ ಯಾರೇನು ಮಾಡಲಾದೀತು? ಮನಸ್ಸನ್ನು ಒಲಿಸಲು ಇಷ್ಟು ಜನ, ಇಷ್ಟು ರಾತ್ರಿ, ಇಷ್ಟು ಲೆಕ್ಕಾಚಾರ ಬೇಕಾಯಿತು ಎಂದು ಕಂಡವನಿಗೆ ತನ್ನ ಮನಸ್ಸಿಗೆ ಬೆಲೆಯಿದೆ ಎಂಬುದೂ ಕಾಣುತ್ತದೆ. ಒಳಗನ್ನು ಕಾಣದಂತೆ ಮುಚ್ಚಿಟ್ಟಾಗಲೇ ಜಿಗುಪ್ಸೆ ಹುಳಿ ಬರುವುದು.

ಪ್ರಯೋಜನ

ನಮ್ಮ ದೇಶದಲ್ಲಿ ಈ ಚರ್ಚೆ ಬರಿಯ ಶಾಸ್ತ್ರವಲ್ಲ. ನಮ್ಮ ರಾಷ್ಟ್ರಪತಿಯನ್ನು ಸಂಸದರೂ ಶಾಸಕರೂ ಆರಿಸುತ್ತಾರೆ, ಆದ್ದರಿಂದ ಅಲ್ಲಿ ಇಂಥ ಕೋಣೆಗೆ ಕೆಲಸವಿಲ್ಲ. ವಿಧಾನಸಭೆ, ಲೋಕಸಭೆಗಳ ಮಾತು ಬೇರೆ. ಖುಷ್ಬೂ ರಾಂಕಾ ಮತ್ತು ವಿನಯ್ ಶುಕ್ಲಾ 2013ರ ದೆಹಲಿ ಚುನಾವಣೆಯಲ್ಲಿ ಆಮ್ ಆದ್ಮಿ ಪಕ್ಷದ ಒಳಗಿದ್ದು ‘ಆ್ಯನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್’ ಮಾಡಿದರು. ಸೆನ್ಸಾರ್ ಮಂಡಳಿ ಮೋದಿ, ಶೀಲಾ ದೀಕ್ಷಿತ್, ಕೇಜ್ರಿವಾಲ್ ಮೂವರಿಂದಲೂ ಒಪ್ಪಿಗೆ ಪತ್ರ ತನ್ನಿ ಎಂದಿತು. ಮೇಲ್ಮನವಿ ನ್ಯಾಯಮಂಡಳಿ ಅದನ್ನು ಬದಿಗಿಟ್ಟ ಮೇಲೆ 2017ರ ನವೆಂಬರಿನಲ್ಲಿ ಚಿತ್ರ ತೆರೆ ಕಂಡಿತು. ಚಿತ್ರದಲ್ಲಿ ಕಾಣುವವನ ಸಹಿಯಿಲ್ಲದೆ ಚಿತ್ರ ಬರಕೂಡದು ಎಂಬ ಆ ಬೇಡಿಕೆ ಒಪ್ಪಿಗೆಯಾಗಿದ್ದರೆ, ಜಿಸ್ಕಾರ್ ಹಾಕಿದ ಬೀಗವನ್ನೇ ನಾವು ಕಾನೂನು ಮಾಡಿದಂತಾಗುತ್ತಿತ್ತು.

ಕರ್ನಾಟಕದ ವಾರ್ ರೂಮುಗಳ ಬಾಗಿಲು ತಟ್ಟುವ ಸಾಕ್ಷ್ಯಚಿತ್ರಕಾರರು ಮೇಲಿನ ವಾದದಿಂದ ಮೂರು ಷರತ್ತು ತೆಗೆದುಕೊಳ್ಳಬಹುದು. ಸಂಕಲನದ ಕೊನೆಯ ಮಾತು ಪಕ್ಷದ್ದಾಗಬಾರದು. ಮತ ಎಣಿಕೆ ಮುಗಿಯುವವರೆಗೆ ಚಿತ್ರ ಹೊರಬರಬಾರದು, ಬಂದರೆ ಅದು ಪ್ರಚಾರದ್ದೇ ಇನ್ನೊಂದು ತುಣುಕು. ಗೆಲ್ಲುವಂತೆ ಕಾಣುವವರ ಕೋಣೆಗಷ್ಟೇ ಹೋಗಬಾರದು; ಗ್ರೆಗ್ ವೈಟ್ಲಿಯವರ 2014ರ ‘ಮಿಟ್’ ಚಿತ್ರ ಸೋತ ಅಧ್ಯಕ್ಷೀಯ ಅಭ್ಯರ್ಥಿ ಮಿಟ್ ರೋಮ್ನಿಯವರ ಕುಟುಂಬದ ನಡುವೆ ಕೂತು, 2012ರ ಫಲಿತಾಂಶದ ರಾತ್ರಿ ಸೋಲೊಪ್ಪುವ ಭಾಷಣದಲ್ಲಿ ಏನು ಹೇಳಬೇಕೆಂದು ಅಭ್ಯರ್ಥಿಯೇ ಕೇಳುವುದನ್ನು ಹಿಡಿದಿದೆ. ಈಗ ಪ್ರಚಾರದ ಹೆಚ್ಚಿನ ಕೆಲಸ ವಾಟ್ಸ್ಆ್ಯಪ್ ಗುಂಪುಗಳಿಗೂ ಮತದಾರರ ದತ್ತಾಂಶದ ಪಟ್ಟಿಗಳಿಗೂ ಸರಿದಿದೆ, ಅದು ಕಣ್ಣಿಗೆ ಕಾಣುವ ಕೆಲಸವಲ್ಲ ಎಂದು ಪೂರ್ವಪಕ್ಷಿ ಇನ್ನೂ ತಕರಾರು ತೆಗೆಯಬಹುದು. ಆ ಪಟ್ಟಿಯನ್ನೂ ಯಾರೋ ಒಂದು ಮೇಜಿನ ಮುಂದೆ ಕೂತು ತಯಾರಿಸುತ್ತಾರೆ, ಯಾವ ಬೂತಿಗೆ ಯಾವ ಸಂದೇಶ ಎಂದು ಯಾರೋ ಇನ್ನೊಬ್ಬರನ್ನು ಕೇಳಿಯೇ ತೀರ್ಮಾನಿಸುತ್ತಾರೆ. ಕ್ಯಾಮೆರಾ ಹೋಗಬೇಕಾದದ್ದು ಆ ಮೇಜಿನ ಬಳಿಗೆ.